ಮಗನ ರಿಪೋರ್ಟ್‌ನಲ್ಲಿ "ಎಚ್1ಎನ್1 ಪಿಡಿಎಂ09" ಅಂತ ಬಂದಿದೆ, ಮುಂದಿನ ಶುಕ್ರವಾರ ಗೃಹಪ್ರವೇಶ, ಏನು ಮಾಡಲಿ?

ತುಂಗಾತೀರ_ಶಿವಮೊಗ್ಗ (ಪ್ರಶ್ನೆ, ಬುಧವಾರ ಬೆಳಿಗ್ಗೆ)

ಎಲ್ಲರಿಗೂ ನಮಸ್ಕಾರ. ಗಾಬರಿಯಲ್ಲೇ ಬರೆಯುತ್ತಿದ್ದೇನೆ, ಹೆಚ್ಚುಕಮ್ಮಿ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮಗನಿಗೆ ಒಂಬತ್ತು ವರ್ಷ. ಭಾನುವಾರ ರಾತ್ರಿ ಊಟ ಬೇಡ ಅಂತ ಮಲಗಿದ. ಹನ್ನೊಂದು ಗಂಟೆಗೆ ಮೈ ಮುಟ್ಟಿದರೆ ಕಾದ ಹೆಂಚು. 103 ಡಿಗ್ರಿ. ಡೆಂಗ್ಯೂ ಇರಬಹುದು ಅಂತ ಸೋಮವಾರ ರಕ್ತ ತೆಗೆದರು, ಅದು ನೆಗೆಟಿವ್. ಮಂಗಳವಾರ ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆಗೆ ಕಳಿಸಿದರು, ಸಂಜೆಗೆ ರಿಪೋರ್ಟ್ ಬಂತು. ಅದರಲ್ಲಿ "ಇನ್‌ಫ್ಲುಯೆಂಜಾ ಎ, ಎಚ್1ಎನ್1 ಪಿಡಿಎಂ09, ಪಾಸಿಟಿವ್" ಅಂತ ಇದೆ. ನೆಟ್‌ನಲ್ಲಿ ನೋಡಿದರೆ ಪಿಡಿಎಂ ಅಂದರೆ ಪ್ಯಾಂಡೆಮಿಕ್ ಅಂತೆ! ಮತ್ತೆ ಶುರುವಾಯಿತಾ ಅಂತ ಕೈಕಾಲು ತಣ್ಣಗಾಯಿತು. ಡಾಕ್ಟರ್ ನಿನ್ನೆ ಸಂಜೆಯಿಂದಲೇ ಓಸೆಲ್ಟಾಮಿವಿರ್ ಸಿರಪ್ ಶುರು ಮಾಡಿಸಿದ್ದಾರೆ, "ಮನೆಯಲ್ಲೇ ಇರಲಿ, ಹೆದರಬೇಡಿ" ಅಂದರು. ಕ್ಲಿನಿಕ್ ಹೊರಗೆ ನಲವತ್ತು ಜನ ಕಾಯುತ್ತಿದ್ದರು, ಜಾಸ್ತಿ ಕೇಳೋಕೆ ಆಗಲಿಲ್ಲ.

ನನ್ನ ತೊಂದರೆ ಇಷ್ಟೇ. ಮನೆಯಲ್ಲಿ ಅಮ್ಮ ಇದ್ದಾರೆ, 68 ವರ್ಷ, ಶುಗರ್ ಇದೆ. ಮೊಮ್ಮಗ ಮಲಗುವುದೇ ಅಜ್ಜಿ ಪಕ್ಕದಲ್ಲಿ, ಭಾನುವಾರವೂ ಅಲ್ಲೇ ಮಲಗಿದ್ದ. ಹೆಂಡತಿಗೆ ಆರು ತಿಂಗಳು ತುಂಬಿದೆ. ಎರಡೇ ರೂಮು, ಒಂದು ಹಾಲು. ಅದರ ಮೇಲೆ ಮುಂದಿನ ಶುಕ್ರವಾರ ಹೊಸ ಮನೆ ಗೃಹಪ್ರವೇಶ. ಮುನ್ನೂರು ಜನಕ್ಕೆ ಹೇಳಿಯಾಗಿದೆ, ಅಡುಗೆಯವರಿಗೆ ಅಡ್ವಾನ್ಸ್ ಹೋಗಿದೆ.

ಇದು ಆ ಹಂದಿಜ್ವರವೇನಾ? ಮನೆಯವರಿಗೆ ಹರಡದ ಹಾಗೆ ಏನು ಮಾಡಬೇಕು? ಈಗ ಲಸಿಕೆ ಹಾಕಿಸಿದರೆ ಉಪಯೋಗ ಇದೆಯಾ? ನಮ್ಮಲ್ಲಿ ಯಾರೂ ಇದುವರೆಗೆ ಹಾಕಿಸಿಲ್ಲ. ಪಕ್ಕದ ಮನೆಯವರು ನಿನ್ನೆಯಿಂದ ನಮ್ಮ ಗೇಟಿನ ಕಡೆ ತಿರುಗಿಯೂ ನೋಡುತ್ತಿಲ್ಲ.

---

ಲ್ಯಾಬ್_ಕಿಟಕಿ

ಸರ್, ಮೊದಲು ನೀರು ಕುಡಿಯಿರಿ. ನಾನು ಡಾಕ್ಟರ್ ಅಲ್ಲ, ಲ್ಯಾಬ್‌ನಲ್ಲಿ ಇಂಥದ್ದೇ ರಿಪೋರ್ಟ್ ತೆಗೆಯುವವನು. ಆ "ಪಿಡಿಎಂ09" ನೋಡಿ ಹೆದರಿ ಫೋನ್ ಮಾಡುವವರು ವಾರಕ್ಕೆ ಇಬ್ಬರು ಮೂವರಾದರೂ ಇರುತ್ತಾರೆ.

ಅದು ಆ ವೈರಸ್ಸಿನ ಜಾತಕ ಅಷ್ಟೇ. 2009ರಲ್ಲಿ ಪ್ಯಾಂಡೆಮಿಕ್ ಮಾಡಿದ ಎಚ್1ಎನ್1 ವಂಶದ್ದು ಅಂತ ಅರ್ಥ. ಈಗ ಪ್ಯಾಂಡೆಮಿಕ್ ನಡೆಯುತ್ತಿದೆ ಅಂತ ಅಲ್ಲ. 2009ರ ಏಪ್ರಿಲ್‌ನಲ್ಲಿ ಮೆಕ್ಸಿಕೊ, ಅಮೆರಿಕ ಕಡೆ ಕಾಣಿಸಿಕೊಂಡಿತು. ಜೂನ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಪ್ಯಾಂಡೆಮಿಕ್ ಅಂತ ಸಾರಿತು, 2010ರ ಆಗಸ್ಟ್ 10ಕ್ಕೆ ಮುಗಿಯಿತು ಅಂತಲೂ ಹೇಳಿತು. ಆದರೆ ವೈರಸ್ ಎಲ್ಲೂ ಹೋಗಲಿಲ್ಲ. ಬಂದ ನೆಂಟ ಇಲ್ಲೇ ಮನೆ ಮಾಡಿಕೊಂಡ. ಈಗ ವರ್ಷ ವರ್ಷ ಬರುವ ಸಾಮಾನ್ಯ ಫ್ಲೂಗಳಲ್ಲಿ ಅದೂ ಒಂದು. 1968ರಲ್ಲಿ ಹಾಂಗ್‌ಕಾಂಗ್ ಫ್ಲೂ ಅಂತ ಬಂದಿದ್ದ ಎಚ್3ಎನ್2 ಕೂಡ ಹೀಗೇ ಇನ್ನೂ ನಮ್ಮ ಜೊತೆಯೇ ಇದೆ.

ಹಾಗಾದರೆ ಪ್ಯಾಂಡೆಮಿಕ್ ಆಗುವುದು ಯಾವಾಗ? ಈ ವೈರಸ್ಸಿನ ಜೀನ್ ಒಂದೇ ಉದ್ದದ ದಾರ ಅಲ್ಲ, ಎಂಟು ತುಂಡು. ಎಂಟು ಇಸ್ಪೀಟೆಲೆ ಅಂದುಕೊಳ್ಳಿ. ಒಂದು ಹಂದಿಗೆ ಹಂದಿಯ ಫ್ಲೂ, ಹಕ್ಕಿಯ ಫ್ಲೂ, ಮನುಷ್ಯರ ಫ್ಲೂ ಒಟ್ಟಿಗೆ ತಗುಲಿದರೆ ಎಲೆಗಳು ಕಲಸಿಹೋಗಿ, ಯಾರೂ ನೋಡದ ಹೊಸ ಕೈ ಹುಟ್ಟಬಹುದು. 2009ರದ್ದು ಅಂಥದ್ದೇ, ಅದರಲ್ಲಿ ಈ ಮೂರೂ ಕಡೆಯ ತುಂಡುಗಳು ಇದ್ದವು. ಜನರ ಮೈಗೆ ಅದರ ಪರಿಚಯ ಇರಲಿಲ್ಲ, ಅದಕ್ಕೇ ಅಷ್ಟು ವೇಗವಾಗಿ ಹಬ್ಬಿತು. ವರ್ಷ ವರ್ಷ ಆಗುವುದು ಬೇರೆ, ಅದು ಸಣ್ಣಪುಟ್ಟ ಬದಲಾವಣೆ. ಅದೇ ಮನುಷ್ಯ ಮೀಸೆ ಬೋಳಿಸಿಕೊಂಡು ಬಂದ ಹಾಗೆ, ಮೈ ಅರ್ಧಂಬರ್ಧ ಗುರುತು ಹಿಡಿಯುತ್ತದೆ. ನಿಮ್ಮ ಮಗನಿಗೆ ಬಂದಿರುವುದು ಈ ಮೀಸೆ ಬೋಳಿಸಿದವನು.

ಅಂದಹಾಗೆ ಹಂದಿಗೂ ನಿಮ್ಮ ಮಗನ ಜ್ವರಕ್ಕೂ ಸಂಬಂಧ ಇಲ್ಲ. ಇದು ಈಗ ಮನುಷ್ಯರಿಂದ ಮನುಷ್ಯರಿಗೆ ಬರುವ ಕಾಯಿಲೆ. ಆ ಹೆಸರಿನಿಂದ ಆದ ಅನಾಹುತ ಒಂದೆರಡಲ್ಲ. 2009ರಲ್ಲಿ ಈಜಿಪ್ಟ್ ದೇಶದಲ್ಲಿ ಸುಮಾರು ಮೂರು ಲಕ್ಷ ಹಂದಿ ಕೊಂದರು. ಕೈರೋ ಊರಿನ ಹಸಿ ಕಸ ತಿನ್ನುತ್ತಿದ್ದದ್ದೇ ಆ ಹಂದಿಗಳು, ಆಮೇಲೆ ಬೀದಿಯಲ್ಲೆಲ್ಲಾ ಕಸದ ರಾಶಿ. ಫ್ಲೂ ಮಾತ್ರ ನಿಲ್ಲಲಿಲ್ಲ.

ಇನ್ನು ಆ ಸಿರಪ್. ವೈರಸ್ಸಿನ ಮೈಮೇಲೆ ಎರಡು ಬಗೆಯ ಮುಳ್ಳು ಇರುತ್ತವೆ. ಎಚ್ ಅನ್ನುವುದು ನಮ್ಮ ಜೀವಕೋಶದ ಬಾಗಿಲು ತೆಗೆಯುವ ಕೀಲಿಕೈ, ಎನ್ ಅನ್ನುವುದು ಒಳಗೆ ಮರಿ ಹಾಕಿದ ಮೇಲೆ ಹೊರಗೆ ಬಿಡಿಸಿಕೊಳ್ಳುವ ಕತ್ತರಿ. ಓಸೆಲ್ಟಾಮಿವಿರ್ ಆ ಕತ್ತರಿಯನ್ನು ಮೊಂಡು ಮಾಡುತ್ತದೆ. ಮರಿಗಳೆಲ್ಲ ಆಚೆ ಬಂದ ಮೇಲೆ ಕತ್ತರಿ ಮೊಂಡು ಮಾಡಿ ಹೆಚ್ಚು ಪ್ರಯೋಜನ ಇಲ್ಲ, ಅದಕ್ಕೇ ಮೊದಲ 48 ಗಂಟೆಯಲ್ಲಿ ಶುರು ಮಾಡಿದರೆ ಒಳ್ಳೆಯದು ಅನ್ನುವುದು. ಭಾನುವಾರ ರಾತ್ರಿ ಜ್ವರ, ಮಂಗಳವಾರ ಸಂಜೆ ಔಷಧಿ. ಸರಿಯಾದ ಹೊತ್ತಿಗೇ ಆಗಿದೆ. ಎರಡು ದಿನಕ್ಕೆ ಜ್ವರ ಬಿಟ್ಟಿತು ಅಂತ ನಿಲ್ಲಿಸಬೇಡಿ, ಐದು ದಿನ ಪೂರ್ತಿ ಕೊಡಿ.

---

ಸರ್ಕಾರಿ_ಸಿಸ್ಟರ್

ಲ್ಯಾಬ್‌ನವರು ಚೆನ್ನಾಗಿ ಹೇಳಿದ್ದಾರೆ, ಆದರೆ ಮುಖ್ಯವಾದದ್ದನ್ನೇ ಬಿಟ್ಟುಬಿಟ್ಟರು. ನಾನು ತಾಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ತುಂಗಾತೀರ ಅಣ್ಣ, ನಿಮ್ಮ ಮಗನ ಚಿಂತೆಗಿಂತ ನನಗೆ ನಿಮ್ಮ ಮನೆಯವರ ಮತ್ತು ಅಮ್ಮನ ಚಿಂತೆ ಜಾಸ್ತಿ.

ನಮ್ಮಲ್ಲಿ ಈ ಜ್ವರಕ್ಕೆ ಎ, ಬಿ, ಸಿ ಅಂತ ಮೂರು ಗುಂಪು ಮಾಡುತ್ತಾರೆ. ಕೇಂದ್ರ ಆರೋಗ್ಯ ಇಲಾಖೆಯದ್ದೇ ಲೆಕ್ಕ ಅದು. ಸುಮ್ನೆ ಜ್ವರ, ಗಂಟಲು ನೋವು, ಮೈಕೈ ನೋವು ಇದ್ದವರು ಎ. ಅವರಿಗೆ ಪರೀಕ್ಷೆಯೂ ಬೇಡ, ಆ ಮಾತ್ರೆಯೂ ಬೇಡ, ಮನೆಯಲ್ಲಿ ಮಲಗಿದರೆ ಸಾಕು. ಜ್ವರ ಜೋರಾಗಿದ್ದವರು, ಇಲ್ಲವೇ ಗರ್ಭಿಣಿ, ಪುಟ್ಟ ಮಕ್ಕಳು, 65 ದಾಟಿದವರು, ಶುಗರ್, ಹೃದಯ, ಶ್ವಾಸಕೋಶ, ಕಿಡ್ನಿ ತೊಂದರೆ ಇದ್ದವರು ಬಿ. ಈ ಎರಡನೇ ಬಗೆಯವರಿಗೆ ಜ್ವರ ಸಣ್ಣದಿದ್ದರೂ ರಿಪೋರ್ಟಿಗೆ ಕಾಯದೆ ಡಾಕ್ಟರ್ ಔಷಧಿ ಶುರು ಮಾಡಬಹುದು. ಉಸಿರಾಟ ಕಷ್ಟ, ಎದೆ ನೋವು, ಮಂಪರು, ಬಿಪಿ ಇಳಿಯುವುದು, ಕಫದಲ್ಲಿ ರಕ್ತ, ಉಗುರು ನೀಲಿ ಆದರೆ ಅದು ಸಿ, ತಡಮಾಡದೆ ಅಡ್ಮಿಟ್. ನಿಮ್ಮ ಮನೆಯಲ್ಲಿ ಇಬ್ಬರು ಬಿ ಗುಂಪಿನವರು ಆಗಲೇ ರೆಡಿಯಾಗಿ ಕೂತಿದ್ದಾರೆ. ಅದಕ್ಕೇ ಅವರಿಬ್ಬರಲ್ಲಿ ಯಾರಿಗಾದರೂ ಮೈ ಬೆಚ್ಚಗಾದರೂ ಸರಿ, "ನಾಳೆ ನೋಡೋಣ" ಅನ್ನಬೇಡಿ. ಇವತ್ತೇ ಆ ಡಾಕ್ಟರಿಗೆ ಫೋನ್ ಮಾಡಿ, ಮನೆಯಲ್ಲಿ ಗರ್ಭಿಣಿ ಇದ್ದಾರೆ, ಅಮ್ಮನಿಗೆ ಶುಗರ್ ಅಂತ ಹೇಳಿಬಿಡಿ. ಜ್ವರ ಬರುವ ಮುಂಚೆಯೇ ಔಷಧಿ ಕೊಡಬೇಕಾ ಅಂತ ಅವರು ತೀರ್ಮಾನ ಮಾಡುತ್ತಾರೆ, ಕೆಲವು ಸಲ ಕೊಡುತ್ತಾರೆ.

ಈಗ ಮನೆ. ಮಗನನ್ನು ಒಂದು ರೂಮಿಗೆ ಹಾಕಿ. ಆ ರೂಮಿನ ಕಿಟಕಿ ಹೊರಗಡೆಗೆ ತೆರೆದಿರಲಿ, ಹಾಲಿನ ಕಡೆಯ ಬಾಗಿಲು ಮುಚ್ಚಿರಲಿ. ಮಲೆನಾಡಿನವರು ಮಳೆ ಅಂತ ಎಲ್ಲ ಕಿಟಕಿ ಮುಚ್ಚಿ ಮಗುವಿಗೆ ಎರಡು ರಗ್ಗು ಹೊದಿಸಿ ಕೂರಿಸುತ್ತೀರಿ, ನನಗೆ ಗೊತ್ತು, ನಾನೂ ಸಾಗರದವಳೇ. ಕೆಮ್ಮಿದ ಗಾಳಿ ಆಚೆ ಹೋಗಬೇಕು ಅಣ್ಣ. ಅವನ ಹತ್ತಿರ ಹೋಗುವವರು ಒಬ್ಬರೇ ಇರಲಿ, ಅದು ನೀವೇ ಆಗಿ. ಹೋಗುವಾಗ ನಿಮಗೂ ಮಾಸ್ಕ್, ಅವನಿಗೂ ಆದಷ್ಟು ಹೊತ್ತು ಮಾಸ್ಕ್. ಟವೆಲ್ಲು, ಲೋಟ ಬೇರೆ. ಪಾತ್ರೆ ಬೇರೆ ತೊಳೆಯಬೇಕಾಗಿಲ್ಲ, ಸೋಪು ಹಾಕಿ ತೊಳೆದರೆ ಈ ವೈರಸ್ ಉಳಿಯುವುದಿಲ್ಲ, ಅದರ ಮೇಲಿರುವುದು ಕೊಬ್ಬಿನ ಸಿಪ್ಪೆ. ಎಲ್ಲರೂ ಮರೆಯುವುದು ಮೊಬೈಲ್ ಮತ್ತು ಟಿವಿ ರಿಮೋಟ್. ಮಗು ಮಲಗಿಕೊಂಡು ನೋಡಿದ ಮೊಬೈಲನ್ನೇ ತೆಗೆದು ಕಿವಿಗಿಟ್ಟುಕೊಂಡು ನೆಂಟರಿಗೆ "ಪರವಾಗಿಲ್ಲ, ಹುಷಾರಾಗಿದ್ದಾನೆ" ಅನ್ನುತ್ತೀರಿ. ನುಣುಪು ಜಾಗದಲ್ಲಿ ಇದು ಒಂದೆರಡು ದಿನ ಇರಬಲ್ಲದು.

ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಡಾಕ್ಟರ್ ಹೇಳಿದ ಅಳತೆಯಲ್ಲಿ. ಮಕ್ಕಳಿಗೆ ಫ್ಲೂ ಇರುವಾಗ ಆಸ್ಪಿರಿನ್ ಕೊಡಲೇಬೇಡಿ, ಲಿವರ್‌ಗೂ ಮಿದುಳಿಗೂ ಪೆಟ್ಟಾಗುವ ಅಪಾಯ ಇದೆ. ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಕೊಡಬೇಡಿ, ಇದು ವೈರಸ್, ಅದು ಇದನ್ನು ಮುಟ್ಟುವುದೂ ಇಲ್ಲ. ಇನ್ನೊಂದು, ಜ್ವರ ಇಳಿದು ಎರಡು ದಿನ ಚೆನ್ನಾಗಿದ್ದು ಮತ್ತೆ ಜ್ವರ ಕೆಮ್ಮು ಜೋರಾದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಮೇಲಿಂದ ನ್ಯುಮೋನಿಯಾ ಸೇರಿಕೊಂಡಿರಬಹುದು.

ಲಸಿಕೆ ಈಗ ಹಾಕಿಸಿದರೆ ಕೆಲಸ ಶುರು ಮಾಡೋಕೆ ಎರಡು ವಾರ ಬೇಕು. ಹಾಗಾಗಿ ಈ ಸಲದ ಮಗನ ಫ್ಲೂಗೆ ಅದು ತಡೆ ಅಲ್ಲ. ಆದರೂ ಅಮ್ಮನಿಗೆ, ಮನೆಯವರಿಗೆ ಹಾಕಿಸುವುದು ಒಳ್ಳೆಯದು, ಗರ್ಭಿಣಿಯರಿಗೆ ಯಾವ ತಿಂಗಳಲ್ಲೂ ಹಾಕಬಹುದು. ಹುಟ್ಟಿದ ಮಗುವಿಗೆ ಆರು ತಿಂಗಳವರೆಗೆ ಈ ಲಸಿಕೆ ಕೊಡುವ ಹಾಗಿಲ್ಲ, ತಾಯಿ ಹಾಕಿಸಿಕೊಂಡಿದ್ದೇ ಮಗುವಿಗೂ ಆಸರೆ.

---

ಗುಂಡಣ್ಣ_ಹಾಸನ

ಎಲ್ಲ ಔಷಧಿ ಕಂಪನಿ ವ್ಯಾಪಾರ ಸ್ವಾಮಿ. 2009ರಲ್ಲೂ ಹೀಗೇ ಹೆದರಿಸಿದ್ರು, ಮಾಸ್ಕ್ ಬ್ಲ್ಯಾಕಲ್ಲಿ ಮಾರಿದ್ರು, ಕೊನೆಗೆ ಏನಾಯ್ತು? ಫ್ಲೂ ಅಂದ್ರೆ ನೆಗಡಿ ಜ್ವರ. ನಮ್ಮಜ್ಜಿ ಕಾಲದಲ್ಲಿ ಇದಕ್ಕೆಲ್ಲ ರಿಪೋರ್ಟ್ ಇತ್ತಾ? ಮೆಣಸು, ಶುಂಠಿ, ತುಳಸಿ ಕಷಾಯ ಮೂರು ದಿನ ಕುಡಿದ್ರೆ ಎದ್ದು ಕೂರ್ತಾನೆ. ಕರ್ಪೂರ ಏಲಕ್ಕಿ ಬಟ್ಟೇಲಿ ಕಟ್ಟಿ ಕೊರಳಿಗೆ ಹಾಕಿ, ವಾಸನೆಗೇ ವೈರಸ್ ಓಡುತ್ತೆ. ಗೃಹಪ್ರವೇಶ ಮಾತ್ರ ಮುಂದಕ್ಕೆ ಹಾಕಬೇಡಿ, ಇಟ್ಟ ಮುಹೂರ್ತ ತಪ್ಪಿಸಬಾರದು.

---

ಸರ್ಕಾರಿ_ಸಿಸ್ಟರ್

ಗುಂಡಣ್ಣ, ಕಷಾಯಕ್ಕೆ ನನ್ನದೇನೂ ತಕರಾರಿಲ್ಲ, ನಾನೂ ಕುಡಿಯುತ್ತೇನೆ, ಗಂಟಲಿಗೆ ಹಿತ. ಆದರೆ ಕರ್ಪೂರದ ಗಂಟನ್ನು ಮಕ್ಕಳ ಕೊರಳಿಗೆ ಕಟ್ಟಿಸಬೇಡಿ. ಮಕ್ಕಳು ಅದನ್ನು ಬಾಯಿಗೆ ಹಾಕಿಕೊಳ್ಳುತ್ತವೆ, ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ. ಅಂಥ ಒಂದು ಮಗುವನ್ನು ರಾತ್ರಿ ಡ್ಯೂಟಿಯಲ್ಲಿ ಕೈಯಲ್ಲಿ ಹಿಡಿದಿದ್ದೇನೆ. ಎರಡು ವರ್ಷದ ಕೂಸು, ಕೊರಳಲ್ಲಿ ಕೆಂಪು ಬಟ್ಟೆಯ ಗಂಟು ಒದ್ದೆಯಾಗಿತ್ತು.

---

ಲ್ಯಾಬ್_ಕಿಟಕಿ

ಗುಂಡಣ್ಣೋರೇ, ಬರೀ ನೆಗಡಿ ಅನ್ನಬೇಡಿ. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಸಾವು ಅಂತ ದೇಶದ ಪೇಪರಲ್ಲೆಲ್ಲಾ ಬಂದಿದ್ದು ನಿಮ್ಮ ಹಾಸನ ಜಿಲ್ಲೆಯ ಹಿರಿಯರೊಬ್ಬರದ್ದು.

2009ರಲ್ಲಿ ಏನೂ ಆಗಲಿಲ್ಲ ಅನ್ನುವುದೂ ಸರಿಯಲ್ಲ. ಜಗತ್ತಿನಲ್ಲಿ ಮೊದಲ ವರ್ಷವೇ ಒಂದೂವರೆ ಲಕ್ಷದಿಂದ ಐದೂಮುಕ್ಕಾಲು ಲಕ್ಷ ಜನ ಸತ್ತಿರಬಹುದು ಅಂತ ಆಮೇಲೆ ಅಂದಾಜು ಮಾಡಿದರು. ಅದರಲ್ಲಿ ನೂರಕ್ಕೆ ಎಂಬತ್ತು ಜನ 65ಕ್ಕಿಂತ ಚಿಕ್ಕವರು. ಮಾಮೂಲಿ ಫ್ಲೂನಲ್ಲಿ ಇದು ಉಲ್ಟಾ, ಸಾಯುವವರು ಹೆಚ್ಚಾಗಿ ಮುದುಕರು. ವಯಸ್ಸಾದವರ ಮೈಗೆ ಹಳೇ ಎಚ್1ಎನ್1 ನೆನಪು ಸ್ವಲ್ಪ ಇತ್ತು, ಹುಡುಗರಿಗೆ ಇರಲಿಲ್ಲ. ನಮ್ಮ ದೇಶದ ಮೊದಲ ಸಾವು ಆ ಆಗಸ್ಟ್‌ನಲ್ಲಿ ಪುಣೆಯಲ್ಲಿ, ಅದೂ ಶಾಲೆಗೆ ಹೋಗುವ ಹುಡುಗಿ. ಅಲ್ಲಿ ಶಾಲೆ, ಸಿನಿಮಾ ಟಾಕೀಸು ಎಲ್ಲ ಮುಚ್ಚಿದ್ದರು, ನೆನಪಿದೆಯಾ?

ಮಾಸ್ಕ್‌ನಿಂದ ಏನೂ ಆಗಲ್ಲ ಅನ್ನುವವರಿಗೆ ಒಂದು ಮಾತು. ಕೊರೊನಾ ಅಂತ ಎಲ್ಲರೂ ಮನೆಯಲ್ಲಿ ಕೂತು, ಮಾಸ್ಕ್ ಹಾಕಿ, ಕೈ ತೊಳೆದೆವಲ್ಲ, ಆಗ ಜಗತ್ತಿನಲ್ಲೆಲ್ಲಾ ಫ್ಲೂ ನೆಲ ಕಚ್ಚಿತು. ಬಿ ಯಮಗಾಟಾ ಅಂತ ಒಂದು ಫ್ಲೂ ವಂಶ ಇತ್ತು. 2020ರ ಮಾರ್ಚ್‌ನಿಂದ ಅದು ಖಚಿತವಾಗಿ ಯಾರಲ್ಲೂ ಸಿಕ್ಕಿಲ್ಲ. ಅದಕ್ಕೇ ನಾಲ್ಕು ವೈರಸ್ಸಿನ ಲಸಿಕೆಯನ್ನು ಈಗ ಮತ್ತೆ ಮೂರಕ್ಕೆ ಇಳಿಸುತ್ತಿದ್ದಾರೆ. ಬೇರೆ ಯಾವುದೋ ಕಾಯಿಲೆಗೆ ಹೆದರಿ ಮಾಡಿದ ಕೆಲಸಕ್ಕೆ ಇದೊಂದು ಸದ್ದಿಲ್ಲದೆ ಹೋಯಿತು!

---

ಹಳೇಪೇಪರ್

ಗೃಹಪ್ರವೇಶದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲವಲ್ಲ. ನಾನು ಔಷಧಿ ಗಿವಷಧಿ ಗೊತ್ತಿಲ್ಲದ ಇತಿಹಾಸದ ಮೇಷ್ಟ್ರು. ಎರಡು ಕಥೆ ಹೇಳುತ್ತೇನೆ.

1918ರ ಸೆಪ್ಟೆಂಬರ್ 28. ಅಮೆರಿಕದ ಫಿಲಡೆಲ್ಫಿಯಾ ಊರಿಗೆ ಫ್ಲೂ ಆಗಲೇ ಕಾಲಿಟ್ಟಿತ್ತು. ಯುದ್ಧದ ಬಾಂಡ್ ಮಾರೋಕೆ ಮೆರವಣಿಗೆ ಗೊತ್ತುಮಾಡಿದ್ದರು. ಡಾಕ್ಟರ್‌ಗಳು ಬೇಡ ಅಂದರು. ದಿನ ಗೊತ್ತಾಗಿದೆ, ನಿಲ್ಲಿಸೋಕಾಗಲ್ಲ ಅಂತ ಮಾಡಿಯೇಬಿಟ್ಟರು. ಸುಮಾರು ಎರಡು ಲಕ್ಷ ಜನ ಬೀದಿಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತರು. ಕೆಲವೇ ದಿನದಲ್ಲಿ ಆಸ್ಪತ್ರೆಗಳು ತುಂಬಿ, ಹೆಣ ಇಡೋಕೆ ಜಾಗ ಇಲ್ಲದ ಹಾಗಾಯಿತು.

ಎರಡನೆಯದು ಸಮೋವಾ ದ್ವೀಪದ್ದು. 1918ರ ನವೆಂಬರ್ 7ಕ್ಕೆ ತಲೂನ್ ಅನ್ನುವ ಹಡಗು ಆಕ್ಲೆಂಡ್‌ನಿಂದ ಪಶ್ಚಿಮ ಸಮೋವಾದ ಬಂದರಿಗೆ ಬಂತು. ಹಡಗಲ್ಲಿ ಜ್ವರದವರಿದ್ದರೂ ಇಳಿಸಿಕೊಂಡರು. ಅಲ್ಲಿಯ ಜನರಲ್ಲಿ ಹೆಚ್ಚುಕಮ್ಮಿ ಐದರಲ್ಲಿ ಒಬ್ಬರು ಸತ್ತರು. ಪಕ್ಕದಲ್ಲೇ ಅಮೆರಿಕದ ಕೈಯಲ್ಲಿದ್ದ ಸಮೋವಾ ಇತ್ತು, ಅಲ್ಲಿಯ ಗವರ್ನರ್ ಪಾಯರ್ ಹಡಗು ದೋಣಿ ಎಲ್ಲ ತಡೆದು ನಿಲ್ಲಿಸಿಬಿಟ್ಟ. ಅಲ್ಲಿ ಒಬ್ಬರೂ ಸಾಯಲಿಲ್ಲ. ಅದೇ ಸಮುದ್ರ, ಅದೇ ಜನ.

ನಮ್ಮ ದೇಶಕ್ಕೂ ಅದು ಬಂದಿದ್ದು ಹಡಗಿನಲ್ಲೇ, 1918ರ ಜೂನ್‌ನಲ್ಲಿ ಬೊಂಬಾಯಿ ಬಂದರಿಗೆ. ಮೊದಲ ಅಲೆ ಅಷ್ಟು ಜೋರಿರಲಿಲ್ಲ, ಜನ ಉಸ್ಸಪ್ಪಾ ಅಂದರು. ಮಳೆಗಾಲ ಕಳೆಯುವ ಹೊತ್ತಿಗೆ ಬಂದ ಎರಡನೇ ಅಲೆ ರೈಲು ಹಿಡಿದು ಊರೂರಿಗೆ ಹೋಯಿತು. ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರು ಅಂತ ಅಂದಾಜು. ನಮ್ಮ ಜನಗಣತಿ ಶುರುವಾದಾಗಿನಿಂದ ಜನಸಂಖ್ಯೆ ಇಳಿದ ದಶಕ ಒಂದೇ ಒಂದು, 1911ರಿಂದ 1921. ಇದನ್ನು ಕ್ಲಾಸಿನಲ್ಲಿ ಹೇಳಿದರೆ ಹುಡುಗರು ಯುದ್ಧದಿಂದ ಅಂದುಕೊಳ್ಳುತ್ತಾರೆ.

ಪ್ಲೇಗ್ ಬಂದಾಗ ನಮ್ಮ ಹಿರಿಯರು ಏನು ಮಾಡುತ್ತಿದ್ದರು ಗುಂಡಣ್ಣ? ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿ ಕೂರುತ್ತಿದ್ದರು. ಪ್ಲೇಗಮ್ಮನಿಗೆ ಗುಡಿ ಕಟ್ಟಿ ಕೈ ಮುಗಿದರು, ಜೊತೆಗೆ ಊರನ್ನೂ ಬಿಟ್ಟರು. ಎರಡನ್ನೂ ಮಾಡಿದರು. ನೀವು ಮುಹೂರ್ತ ಇಟ್ಟುಕೊಳ್ಳಿ, ಮುನ್ನೂರು ಜನರನ್ನು ಬಿಡಿ.

---

ಲ್ಯಾಬ್_ಕಿಟಕಿ

ಮೇಷ್ಟ್ರ ಮಾತಿಗೆ ಒಂದು ಲೆಕ್ಕ ಸೇರಿಸುತ್ತೇನೆ. ಫ್ಲೂ ತಗುಲಿದ ಮೇಲೆ ಕಾಣಿಸಿಕೊಳ್ಳೋಕೆ ಒಂದರಿಂದ ನಾಲ್ಕು ದಿನ, ಸಾಮಾನ್ಯವಾಗಿ ಎರಡು. ಕಷ್ಟ ಇರುವುದು ಎಲ್ಲಿ ಅಂದರೆ, ಜ್ವರ ಬರುವುದಕ್ಕೆ ಒಂದು ದಿನ ಮುಂಚಿನಿಂದಲೇ ಮನುಷ್ಯ ಹರಡೋಕೆ ಶುರು ಮಾಡುತ್ತಾನೆ. ಆಮೇಲೆ ಐದರಿಂದ ಏಳು ದಿನ, ಮಕ್ಕಳಾದರೆ ಇನ್ನೂ ಸ್ವಲ್ಪ ಜಾಸ್ತಿ. ನಿಮ್ಮ ಮಗನಿಗೆ ಮುಂದಿನ ಶುಕ್ರವಾರದ ಹೊತ್ತಿಗೆ ಹನ್ನೆರಡು ದಿನ ಆಗಿರುತ್ತದೆ, ಅವನದ್ದು ತೊಂದರೆ ಇಲ್ಲ. ನೋಡಬೇಕಾದ್ದು ನಿಮ್ಮ ಮೂವರನ್ನು. ಮುಂದಿನ ಸೋಮವಾರ ಮಂಗಳವಾರದೊಳಗೆ ಯಾರಿಗೂ ಏನೂ ಕಾಣದಿದ್ದರೆ ಮಗನಿಂದ ದಾಟಿಲ್ಲ ಅಂತ ಹೆಚ್ಚುಕಮ್ಮಿ ನಂಬಬಹುದು. ನಡುವೆ ಒಬ್ಬರಿಗೆ ಜ್ವರ ಬಂದರೂ ಲೆಕ್ಕ ಮತ್ತೆ ಒಂದರಿಂದ. ಮುಹೂರ್ತದ ಹೊತ್ತಿಗೆ ಪೂಜೆಗೆ ಕೂತ ಯಜಮಾನರಿಗೇ ಜೋರಾಗಿ ಹರಡುವ ದಿನ ಆಗಿರಬಹುದು. ಅಕ್ಷತೆ ಹಾಕೋಕೆ ಮುನ್ನೂರು ಜನ ಬಗ್ಗಿ ಬಗ್ಗಿ ಹತ್ತಿರ ಬರುತ್ತಾರೆ!

ಮಗನನ್ನು ಶಾಲೆಗೆ ಕಳಿಸುವುದು, ಪ್ಯಾರಾಸಿಟಮಾಲ್ ಇಲ್ಲದೆ ಇಡೀ ಒಂದು ದಿನ ಜ್ವರ ಬಾರದೆ ಇದ್ದ ಮೇಲೆ. ಬೆಳಿಗ್ಗೆ ಸಿರಪ್ ಕುಡಿಸಿ ಜ್ವರ ಇಳಿಸಿ ಬಸ್ ಹತ್ತಿಸುವ ಅಪ್ಪ ಅಮ್ಮಂದಿರು ಇದ್ದಾರೆ, ನಿಮ್ಮ ಮಗನಿಗೆ ಬಂದಿದ್ದು ಬಹುಶಃ ಹಾಗೆಯೇ.

---

ತುಂಗಾತೀರ_ಶಿವಮೊಗ್ಗ

ತಡವಾಗಿ ಬರೆಯುತ್ತಿದ್ದೇನೆ, ಇವತ್ತು ಭಾನುವಾರ, ಗೃಹಪ್ರವೇಶ ಮುಗಿದು ಎರಡು ದಿನ ಆಯಿತು.

ಬುಧವಾರವೇ ಡಾಕ್ಟರಿಗೆ ಫೋನ್ ಮಾಡಿದೆ ಸಿಸ್ಟರ್. ಹೆಂಡತಿಯನ್ನು ಕರೆಸಿ ನೋಡಿ ಅವಳಿಗೆ ಮುಂಚಿತವಾಗಿಯೇ ಮಾತ್ರೆ ಕೊಟ್ಟರು, ಅವಳಿಗೆ ಏನೂ ಆಗಲಿಲ್ಲ. ಅಮ್ಮನನ್ನು ಮೊಮ್ಮಗನಿಂದ ದೂರ ಇಡುವುದೇ ಕಷ್ಟವಾಯಿತು. ಗುರುವಾರ ಸಂಜೆ ನಾನು ಅಂಗಡಿಗೆ ಹೋಗಿದ್ದಾಗ ಉಪ್ಪು ಮೆಣಸಿನಕಾಯಿ ಹಿಡಿದು ರೂಮಿಗೆ ನುಗ್ಗಿ ದೃಷ್ಟಿ ತೆಗೆದು ಒಲೆಗೆ ಹಾಕಿದ್ದಾರೆ. ಬಂದು ನೋಡಿದರೆ ಮನೆಯವರೆಲ್ಲ ಕೆಮ್ಮುತ್ತಿದ್ದಾರೆ, ಯಾವುದು ಫ್ಲೂ ಕೆಮ್ಮು ಯಾವುದು ಮೆಣಸಿನಕಾಯಿ ಕೆಮ್ಮು ಅಂತ ಗೊತ್ತಾಗದೆ ನನಗೇ ತಲೆಕೆಟ್ಟಿತು.

ಶನಿವಾರ ಬೆಳಿಗ್ಗೆ ಅಮ್ಮನಿಗೆ ಜ್ವರ ಬಂತು, 100 ಅಷ್ಟೇ. "ಓಡಾಡಿದ್ದಕ್ಕೆ ಕಣೋ" ಅಂದರು. ಕಾಯಲಿಲ್ಲ, ಹತ್ತು ಗಂಟೆಗೆ ಔಷಧಿ ಶುರುವಾಯಿತು. ಶುಗರ್ ಮುನ್ನೂರು ದಾಟಿ ಎರಡು ದಿನ ಹೆದರಿಸಿತು, ಆಮೇಲೆ ಇಳಿಯಿತು. ನಾಲ್ಕನೇ ದಿನಕ್ಕೆ ಕಾಫಿ ಕೇಳಿದರು, ಅಲ್ಲಿಗೆ ನನಗೆ ಸಮಾಧಾನ.

ಸೋಮವಾರ ಕೂತು ಮುನ್ನೂರು ಜನಕ್ಕೂ ಫೋನ್ ಮಾಡಿದೆ ಮೇಷ್ಟ್ರೇ. ಇಬ್ಬರು ಬೇಜಾರು ಮಾಡಿಕೊಂಡರು, ಒಬ್ಬರು "ನಮ್ಮ ಮನೆಯಲ್ಲೂ ಮೂರು ಜನ ಮಲಗಿದ್ದಾರೆ, ಬರೋದು ಹೇಗೆ ಅಂತಿದ್ದೆ" ಅಂದರು. ಅಡುಗೆಯವರು ಅಡ್ವಾನ್ಸ್ ವಾಪಸ್ ಕೊಡಲಿಲ್ಲ, ದೀಪಾವಳಿ ಆದ ಮೇಲೆ ಊಟ ಹಾಕಿಸಿದರೆ ಹಿಡಿದುಕೊಳ್ಳುತ್ತೀವಿ ಅಂದಿದ್ದಾರೆ. ಶುಕ್ರವಾರ ಪುರೋಹಿತರು, ನಾನು, ಹೆಂಡತಿ, ಮಗ ಇಷ್ಟೇ, ಬಾಗಿಲು ಕಿಟಕಿ ಎಲ್ಲ ತೆಗೆದು ಹೋಮ ಮಾಡಿದೆವು. ಅಮ್ಮ ಹಳೇ ಮನೆಯಲ್ಲೇ ಕೂತು ವಿಡಿಯೋ ಕಾಲ್‌ನಲ್ಲಿ ನೋಡಿದರು. ಹಾಲು ಉಕ್ಕುವಾಗ ಮೊಬೈಲಿಗೆ ಕೈ ಮುಗಿದರಂತೆ. ಆ ಮೊಬೈಲನ್ನು ಸಂಜೆ ಮರೆಯದೆ ಒರೆಸಿದೆ ಸಿಸ್ಟರ್.